ನೀರು ಕುಡಿಯದ ಟವೆಲ್: ಒಂದು ಲಾಡ್ಜಿನ ಲಾಂಡ್ರಿ, ಎರಡು ಸಾಫ್ಟ್‌ನರ್

ನಾನು ಕೆಲ್ಸ ಮಾಡೋದು ಪೀಣ್ಯದಲ್ಲಿ ಒಂದು ಸಣ್ಣ ಯೂನಿಟ್‌ನಲ್ಲಿ. ಫಿನಾಯಿಲು, ಫ್ಲೋರ್ ಕ್ಲೀನರ್, ಲಿಕ್ವಿಡ್ ಡಿಟರ್ಜೆಂಟು, ಒಗೆದ ಬಟ್ಟೆ ಮೆತ್ತಗೆ ಮಾಡೋ ಫ್ಯಾಬ್ರಿಕ್ ಸಾಫ್ಟ್‌ನರ್ ಇಷ್ಟು ಮಾಡಿ ಹೋಟ್ಲು, ಲಾಡ್ಜು, ಪಿಜಿಗಳಿಗೆ ಕ್ಯಾನ್ ಲೆಕ್ಕದಲ್ಲಿ ಕೊಡ್ತೀವಿ. ನನ್ನ ಕೆಲ್ಸ ಅರ್ಧ ದಿನ ಬ್ಯಾಚ್ ನೋಡ್ಕೊಳ್ಳೋದು, ಇನ್ನರ್ಧ ದಿನ ಕಂಪ್ಲೇಂಟ್ ಬಂದ ಕಡೆ ಹೋಗಿ ಬೈಸ್ಕೊಂಡು ಬರೋದು. ಇದು ಆ ಇನ್ನರ್ಧದ ಕಥೆ, ಬರೆದಿಡೋಣ ಅನ್ನಿಸ್ತು ಯಾಕಂದ್ರೆ ಇದ್ರಲ್ಲಿ ನಾನೂ ಒಂದ್ಸಲ ಸರಿಯಾಗಿ ಎಡವಿದೀನಿ.

ಜಾಗ ಚಿತ್ರದುರ್ಗದ ಹತ್ರ, ಹೈವೇ ಪಕ್ಕದ ಲಾಡ್ಜು, ಹೆಸರು ಬೇಡ. 36 ರೂಮು. ಮೊದ್ಲು ಬಟ್ಟೆನೆಲ್ಲ ಊರೊಳಗಿನ ಮಡಿವಾಳರಿಗೆ ಕೊಡ್ತಿದ್ರಂತೆ, ಆಮೇಲೆ ಸ್ವಂತ ಲಾಂಡ್ರಿ ಮಾಡ್ಕೊಂಡ್ರು, 30 ಕೆಜಿ ಮೆಷಿನ್ ಒಂದು, ಒಣಗಿಸೋಕೆ ಟೆರೇಸು. ಡ್ರೈಯರ್ ಇಲ್ಲ. ಚಿತ್ರದುರ್ಗದ ಗಾಳಿ ಗೊತ್ತಲ್ಲ, ಊರ ಸುತ್ತ ಗುಡ್ಡದ ಮೇಲೆಲ್ಲ ಗಾಳಿಗಿರಣಿ ನಿಲ್ಲಿಸಿರೋದು ಸುಮ್ನೆ ಅಲ್ಲ, ಬೇಸಿಗೆಲಿ ಟವೆಲ್ ಹಾಕಿ ಕೆಳಗಿಳಿದು ಟೀ ಕುಡಿಯೋದ್ರೊಳಗೆ ಒಣಗಿರುತ್ತೆ.

ಕಂಪ್ಲೇಂಟ್ ಏನಿತ್ತು

ಟವೆಲ್ ಮೈ ಒರೆಸಲ್ಲ. ಅಷ್ಟೇ. ಗೆಸ್ಟ್‌ಗಳು ರಿಸೆಪ್ಷನ್‌ಗೆ ಬಂದು ಟವೆಲ್ ಬದಲಾಯಿಸಿ ಅಂತಿದ್ರು, ಬದಲಾಯಿಸಿ ಕೊಟ್ಟಿದ್ದೂ ಹಂಗೇ ಇರೋದು. ಮ್ಯಾನೇಜರ್ ಫೋನಲ್ಲಿ ಹೇಳಿದ್ದು ಇದು: "ಸಾರ್, ಮುಟ್ಟಿದ್ರೆ ಮೆತ್ತಗೇ ಇದೆ, ವಾಸನೆ ಘಮ್ ಅಂತಿದೆ, ಆದ್ರೆ ನೀರು ಕುಡಿಯಲ್ಲ ಸಾರ್." ಮೂರು ತಿಂಗಳಿಂದ ನಮ್ಮ ಸಾಫ್ಟ್‌ನರ್ ಹೋಗ್ತಿತ್ತು ಅಲ್ಲಿಗೆ, ಅದಕ್ಕೆ ಮುಂಚೆ ಬೇರೆಯವರದ್ದು. ಹಂಗಾಗಿ ತಪ್ಪು ಯಾರದ್ದು ಅನ್ನೋದು ಫೋನಲ್ಲೇ ಅರ್ಧ ತೀರ್ಮಾನ ಆಗಿತ್ತು.

ಹೋದೆ. ಲಾಂಡ್ರಿ ನೋಡ್ಕೊಳ್ಳೋ ಅಕ್ಕ ಒಬ್ರು, ಅವರ ಕೈಕೆಳಗೆ ಒಬ್ಬ ಹುಡುಗ. ಮಡಚಿಟ್ಟ ಟವೆಲ್ ಒಂದು ತಗೊಂಡು ಮೇಜಿನ ಮೇಲೆ ಹಾಸಿ ಡ್ರಾಪರ್‌ನಿಂದ ಒಂದು ಹನಿ ನೀರು ಬಿಟ್ಟೆ, ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಎತ್ತರದಿಂದ. ಇದು ನಾನು ಕಂಡುಹಿಡಿದಿದ್ದಲ್ಲ, ಟೆಕ್ಸ್‌ಟೈಲ್‌ನವರು ಎಎಟಿಸಿಸಿ 79 ಅಂತ ಹೇಳೋ ಟೆಸ್ಟ್ ಇದೇ, ಹನಿ ಎಷ್ಟು ಸೆಕೆಂಡಿಗೆ ಇಂಗುತ್ತೆ ಅಂತ ನೋಡೋದು. ಒಳ್ಳೆ ಟವೆಲ್ ಆದ್ರೆ ಬಿದ್ದಿದ್ದೇ ಕಾಣ್ಬಾರ್ದು. ಇಲ್ಲಿ ಹನಿ ಕೆಸುವಿನೆಲೆ ಮೇಲೆ ಕೂತಂಗೆ ದುಂಡಗೆ ಕೂತ್ಕೊಂತು, ಟ್ಯೂಬ್‌ಲೈಟ್ ಅದ್ರಲ್ಲಿ ಹೊಳೀತಿದೆ, ನಾವು ಮೂರು ಜನ ಅದನ್ನೇ ನೋಡ್ಕೊಂಡು ನಿಂತಿದೀವಿ. ಎರಡು ನಿಮಿಷ ಆದ್ಮೇಲೂ ಹಂಗೇ ಇತ್ತು. ಬೆರಳಲ್ಲಿ ತಳ್ಳಿದ್ರೆ ಉರುಳ್ತು. ಹುಡುಗ ನಕ್ಕುಬಿಟ್ಟ, ಅಕ್ಕ ಅವನ ತಲೆಗೊಂದು ಮೊಟಕಿದ್ರು.

"ಸಾಫ್ಟ್‌ನರ್ ಎಷ್ಟು ಹಾಕ್ತೀರಾ ಅಕ್ಕ?"

"ಮೊದ್ಲು ಅರ್ಧ ಮಗ್ಗು ಹಾಕ್ತಿದ್ವಣ್ಣ. ಟವೆಲ್ ಗಟ್ಟಿ ಆಗ್ತಾವೆ ಅಂತ ಸಾಹುಕಾರ್ರು ಬೈದ್ರು, ಒಂದು ಮಗ್ಗು ಮಾಡಿದ್ವಿ. ಈಗ ಎರಡು."

ಮಗ್ಗು ಒಂದು ಲೀಟರಿಂದು. ನಮ್ಮ ಮಾಲಲ್ಲಿ ಕೆಲ್ಸ ಮಾಡೋ ಐಟಂ 5 ಪರ್ಸೆಂಟ್, ಉಳಿದಿದ್ದು ಹೆಚ್ಚುಕಮ್ಮಿ ನೀರೇ. ಎರಡು ಲೀಟರ್ ಅಂದ್ರೆ 100 ಗ್ರಾಂ ಅಸಲಿ ಮಾಲು, ಅವರು ಮೆಷಿನ್‌ಗೆ ತುಂಬ್ತಿದ್ದಿದ್ದು 25 ಕೆಜಿ ಬಟ್ಟೆ, ಅಂದ್ರೆ ಕೆಜಿಗೆ 4 ಗ್ರಾಂ. ನಾವು ಹೇಳೋದು ಬೆಡ್‌ಶೀಟಿಗೆ ಕೆಜಿಗೆ ಒಂದು ಗ್ರಾಂ, ಟವೆಲ್‌ಗೆ ಅದಕ್ಕಿಂತ ಕಮ್ಮಿ. ನನಗೆ ಅಲ್ಲೇ ಖುಷಿ ಆಗೋಯ್ತು, ಕೇಸು ಮುಗೀತು ಅಂತ. ಮುಗಿದಿರ್ಲಿಲ್ಲ.

ಇದು ಮಾಡೋದೇನು ಅಂದ್ರೆ

ಮ್ಯಾನೇಜರ್‌ಗೆ ಕೂರಿಸ್ಕೊಂಡು ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ, ಯಾಕಂದ್ರೆ ಬಹಳ ಜನಕ್ಕೆ ಸಾಫ್ಟ್‌ನರ್ ಅಂದ್ರೆ ಒಂಥರಾ ಕೊನೇ ಸೋಪು, ಇನ್ನಷ್ಟು ಕ್ಲೀನ್ ಮಾಡೋದು ಅಂತ ಮನಸ್ಸಲ್ಲಿದೆ. ಉಲ್ಟಾ. ಸೋಪು ಬಟ್ಟೆ ಮೇಲಿನ ಜಿಡ್ಡನ್ನ ತೆಗೆದು ನೀರಿನ ಜೊತೆ ಹೋಗ್ಬೇಕು, ಸಾಫ್ಟ್‌ನರ್ ಬಟ್ಟೆ ಮೇಲೆ ಜಿಡ್ಡು ಹಚ್ಚಿ ಅಲ್ಲೇ ಉಳೀಬೇಕು. ಅಷ್ಟು ಕಷ್ಟಪಟ್ಟು ತೊಳೆದ ಮೇಲೆ ಕೊನೇ ನೀರಲ್ಲಿ ಬೇಕಂತಲೇ ಒಂದು ಪದರ ಕೊಬ್ಬು ಸವರೋದು, ಸವರೋದು ಅಂತ ಗೊತ್ತಾಗ್ದೆ ಇರೋಷ್ಟು ತೆಳ್ಳಗೆ. ಇದನ್ನ ಒಪ್ಕೊಂಡ್ರೆ ಉಳಿದಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ.

ಅದರ ಅಣು ಹೆಂಗಿರುತ್ತೆ ಅಂದ್ರೆ ಎರಡು ಜಡೆ ಹಾಕ್ಕೊಂಡ ಹುಡುಗಿ ತರ. ತಲೆ ಒಂದು, ಅದರಲ್ಲಿ ನೈಟ್ರೋಜನ್, ಅದಕ್ಕೆ ಪ್ಲಸ್ ಚಾರ್ಜು. ಜಡೆ ಎರಡು, ಒಂದೊಂದೂ 16-18 ಕಾರ್ಬನ್ ಉದ್ದದ ಕೊಬ್ಬಿನ ಸರಪಳಿ. ಹತ್ತಿ ಬಟ್ಟೆ ನೀರಲ್ಲಿ ನೆಂದಾಗ ಅದರ ಮೈಗೆ ಸ್ವಲ್ಪ ಮೈನಸ್ ಚಾರ್ಜು ಇರುತ್ತೆ, ಹಂಗಾಗಿ ಪ್ಲಸ್ ತಲೆ ಹೋಗಿ ನೂಲಿಗೆ ಅಂಟ್ಕೊಳ್ಳುತ್ತೆ, ಜಡೆಗಳು ಹೊರಕ್ಕೆ. ಒಂದೇ ಜಡೆ ಇದ್ರೆ ನೀರಲ್ಲೇ ಚೆನ್ನಾಗಿ ಕರಗಿ ತೊಳ್ಕೊಂಡು ಹೋಗಿಬಿಡುತ್ತೆ, ಎರಡಿದ್ರೆ ನೀರು ಅಂದ್ರೆ ಆಗಲ್ಲ, ಬಟ್ಟೆನೇ ವಾಸಿ ಅಂತ ಕೂತ್ಕೊಳ್ಳುತ್ತೆ. ತಲೆಗೂದಲಿಗೆ ಹಚ್ಚೋ ಕಂಡೀಷನರ್ ಕೂಡ ಇದೇ ಮನೆತನ. ಆ ಜಡೆಗಳಿಂದ ನೂಲು ನೂಲಿನ ನಡುವೆ ಜಾರಿಕೆ ಬರುತ್ತೆ, ಸಿಂಥೆಟಿಕ್ ಬಟ್ಟೆಲಿ ಚಟಪಟ ಅನ್ನೋ ಕರೆಂಟೂ ಕಮ್ಮಿ ಆಗುತ್ತೆ.

ಆದ್ರೆ ಬರೀ ಜಾರಿಕೆ ಅಲ್ಲ ವಿಷ್ಯ. ಮೊದ್ಲು ಕೇಳ್ಬೇಕಾದ ಪ್ರಶ್ನೆ, ಹತ್ತಿ ಟವೆಲ್ ಒಣಗಿದ್ಮೇಲೆ ಗಟ್ಟಿ ಆಗೋದಾದ್ರೂ ಯಾಕೆ, ಗಂಜಿ ಹಾಕಿರಲ್ಲ ಏನಿಲ್ಲ. ನಮ್ಮಲ್ಲಿ ಗಂಜಿ ಹಾಕಿ ಗಟ್ಟಿ ಮಾಡೋಕೆ ದುಡ್ಡು ಕೊಡ್ತಿದ್ದ ಕಾಲ ಇತ್ತು, ಪಂಚೆ ನಿಂತ್ಕೋಬೇಕು, ಸೀರೆ ನೆರಿಗೆ ಕತ್ತಿ ತರ ಇರ್ಬೇಕು. ಈಗ ಮೆತ್ತಗೆ ಮಾಡೋಕೆ ದುಡ್ಡು. ಇರ್ಲಿ. 2020ರಲ್ಲಿ ಜಪಾನಿನ ಕಾವೋ ಕಂಪನಿಯವರು ಹೊಕ್ಕೈಡೋ ಯೂನಿವರ್ಸಿಟಿ ಜೊತೆ ಸೇರಿ ಹತ್ತಿ ನೂಲಿನ ಮೈನ ಬಹಳ ಸೂಕ್ಷ್ಮವಾಗಿ ನೋಡಿದ್ರು. ಒಣಗಿದೆ ಅಂತ ನಾವಂದ್ಕೊಂಡ ಹತ್ತಿ ಮೇಲೂ ಸ್ವಲ್ಪ ನೀರು ಅಂಟ್ಕೊಂಡೇ ಇರುತ್ತೆ, ಅದು ಮಾಮೂಲಿ ನೀರಿನ ತರ ಇರಲ್ಲ, ಎರಡು ನೂಲು ಒಂದರ ಮೇಲೊಂದು ಹಾದುಹೋಗೋ ಜಾಗದಲ್ಲಿ ಗೋಂದಿನ ತರ ಕೂತು ಬಿಗಿ ಹಿಡಿಯುತ್ತೆ ಅನ್ನೋದು ಅವರ ವಿವರಣೆ. ಅಂದ್ರೆ ನೀರೇ ಗಂಜಿ. ಅದಕ್ಕೇ ಗಟ್ಟಿಯಾದ ಟವೆಲ್ಲನ್ನ ಎರಡು ಕೈಲಿ ಹಿಡ್ಕೊಂಡು ಉಜ್ಜಿದ್ರೆ ಮೆತ್ತಗಾಗುತ್ತೆ, ಗೋಂದು ಬಿಡ್ತು ಅಂತ ಅರ್ಥ. ಡ್ರೈಯರಲ್ಲಿ ಒಣಗಿದ್ದು ಮೆತ್ತಗಿರೋದೂ ಇದಕ್ಕೇ, ಒಳಗೆ ಬಿದ್ದು ಎದ್ದು ಒಣಗೋದ್ರಿಂದ ನೂಲುಗಳಿಗೆ ಅಂಟ್ಕೊಳ್ಳೋಕೆ ಪುರುಸೊತ್ತೇ ಸಿಗಲ್ಲ. ಸಾಫ್ಟ್‌ನರ್ ಆ ಕೂಡೋ ಜಾಗಗಳಲ್ಲಿ ಹೋಗಿ ಕೂತು ನೀರಿನ ಗೋಂದು ಕಟ್ಟಕ್ಕೆ ಬಿಡಲ್ಲ.

ಈಗ ಟವೆಲ್ ಕಥೆ ನೋಡಿ. ಟವೆಲ್ ನೀರು ಕುಡಿಯೋದು ಹತ್ತಿ ನೀರನ್ನ ಇಷ್ಟಪಡುತ್ತೆ ಅಂತ. ಅದರ ಮೈ ತುಂಬ ಕೊಬ್ಬಿನ ಜಡೆ ನಿಲ್ಲಿಸಿಬಿಟ್ರೆ? ಎಮ್ಮೆ ಮೇಲೆ ಮಳೆ ಸುರಿದಂಗೆ. ಹೊಸ ಟವೆಲ್ ಅಂಗಡಿಯಿಂದ ತಂದಾಗ ಮುದ್ದಾಗಿದ್ದು ಮೊದಲ ಎರಡು ಮೂರು ಒಗೆತದವರೆಗೂ ಮೈ ಒರೆಸಲ್ಲ ಅಲ್ವಾ, ಮಿಲ್ಲಲ್ಲಿ ಕೊನೆಗೆ ಹಚ್ಚಿ ಕಳಿಸಿರೋ ಸಾಫ್ಟ್‌ನರ್ ಅದು.

ನಾನು ಎಡವಿದ್ದು

ಇಷ್ಟೆಲ್ಲ ಭಾಷಣ ಮಾಡಿ, ಟವೆಲ್‌ಗೆ ಸಾಫ್ಟ್‌ನರ್ ಪೂರ್ತಿ ನಿಲ್ಸಿ, ಬೆಡ್‌ಶೀಟಿಗೆ ಅರ್ಧ ಲೀಟರ್ ಸಾಕು ಅಂತ ಹೇಳಿ ಬಸ್ ಹತ್ತಿದೆ. ನಮ್ಮ ಮಾಲು ನಾವೇ ಬೇಡ ಅಂದ್ವಿ ಅಂತ ಮ್ಯಾನೇಜರ್‌ಗೆ ನನ್ನ ಮೇಲೆ ಗೌರವ ಬಂದಿತ್ತು. ಒಂದು ವಾರಕ್ಕೆ ಸಾಹುಕಾರ್ರೇ ಫೋನ್ ಮಾಡಿದ್ರು.

"ಅಲ್ಲಪ್ಪಾ, ಏನು ಮಾಡಿ ಹೋದೆ ನೀನು? ಟವೆಲ್ಲು ಹಪ್ಪಳ ಆಗ್ಯಾವೆ. ಗೋಡೆಗೆ ಒರಗಿಸಿದ್ರೆ ನಿಂತ್ಕಂತಾವೆ."

"ನೀರು ಕುಡೀತಿದಾವಾ ಸಾಹುಕಾರ್ರೇ?"

"ಅದೂ ಇಲ್ಲ!"

ಇದು ನನ್ನ ಲೆಕ್ಕಕ್ಕೆ ಬರ್ದೇ ಇರೋ ಮಾತು. ಸಾಫ್ಟ್‌ನರ್ ನಿಲ್ಸಿದ್ರೆ ಗಟ್ಟಿ ಆಗ್ಲಿ ಪರ್ವಾಗಿಲ್ಲ, ಒಂದು ವಾರದ ಒಗೆತಕ್ಕೆ ನೀರು ಕುಡಿಯೋಕಾದ್ರೂ ಶುರು ಮಾಡ್ಬೇಕಿತ್ತು. ಗಟ್ಟಿನೂ ಹೌದು, ನೀರೂ ಕುಡಿಯಲ್ಲ ಅಂದ್ರೆ ನೂಲಿನ ಮೇಲೆ ಇನ್ನೇನೋ ಕೂತಿದೆ. ಮೊದಲ ಸಲನೇ ನೀರು ಟೆಸ್ಟ್ ಮಾಡ್ಬೇಕಿತ್ತು ನಾನು, ಕಿಟ್ ಬ್ಯಾಗಲ್ಲೇ ಇತ್ತು. ಮಗ್ಗಿನ ಲೆಕ್ಕ ಕೇಳಿದ ಖುಷಿಗೆ ಜಿಪ್ಪೇ ತೆಗೀಲಿಲ್ಲ.

ಎರಡನೇ ಸಲ ಹೋದಾಗ

ಮೊದ್ಲು ಬೋರ್ ನೀರು ಎಷ್ಟು ಗಡಸು, ಅಂದ್ರೆ ಅದ್ರಲ್ಲಿ ಕ್ಯಾಲ್ಸಿಯಂನಂಥ ಲವಣ ಎಷ್ಟಿದೆ ಅಂತ ನೋಡಿದೆ. ಕಿಟ್‌ನಲ್ಲಿ ನೀರಿಗೆ ಬಣ್ಣದ ಪುಡಿ ಹಾಕಿದ್ರೆ ದ್ರಾಕ್ಷಿರಸದ ಕೆಂಪು ಬರುತ್ತೆ, ಆಮೇಲೆ ಇನ್ನೊಂದು ದ್ರಾವಣ ಹನಿಹನಿ ಬಿಡ್ತಾ ಎಣಿಸ್ಬೇಕು, ಯಾವ ಹನಿಗೆ ಪಟ್ ಅಂತ ನೀಲಿ ಆಗುತ್ತೋ ಅಲ್ಲಿಗೆ ಲೆಕ್ಕ. ನಾನು ಎಣಿಸ್ತಾನೇ ಇದೀನಿ, ಕೆಂಪು ಕೆಂಪಾಗೇ ಇದೆ. 680 ಪಿಪಿಎಂ ಬಂತು, ಅಂದ್ರೆ ಲೀಟರಿಗೆ 680 ಮಿಲಿಗ್ರಾಂ. ಕುಡಿಯೋ ನೀರಿಗೆ ಬಿಐಎಸ್, ಅಂದ್ರೆ ಭಾರತದ ಮಾನಕ ಸಂಸ್ಥೆಯವರು ಹೇಳೋದು 200 ಇದ್ರೆ ಸರಿ, ಬೇರೆ ನೀರೇ ಸಿಗದಿದ್ರೆ 600ರವರೆಗೂ ನಡೀಲಿ ಅಂತ. ಇಲ್ಲಿ ಅದನ್ನೂ ದಾಟಿದೆ.

ಇಂಥಾ ನೀರಿಗೆ ಅವರು ಹಾಕ್ತಿದ್ದಿದ್ದು ಡಿಟರ್ಜೆಂಟ್ ಪೌಡರ್, ಜೊತೆಗೆ ಕೊಳೆ ಚೆನ್ನಾಗಿ ಹೋಗ್ಲಿ ಅಂತ ವಾಷಿಂಗ್ ಸೋಡಾ ಧಾರಾಳವಾಗಿ. ನೀರಲ್ಲಿರೋ ಕ್ಯಾಲ್ಸಿಯಂ, ಸೋಡಾದಲ್ಲಿರೋ ಕಾರ್ಬೋನೇಟ್ ಎರಡೂ ಸೇರಿದ್ರೆ ಏನಾಗುತ್ತೆ? ಗೀಸರ್ ಕಾಯಿಲ್ ಮೇಲೆ ಕಟ್ಟುತ್ತಲ್ಲ ಬಿಳೀ ಕರೆ, ಅದೇ. ಸುಣ್ಣದ ಕಲ್ಲು, ಪುಡಿಪುಡಿಯಾಗಿ, ಟವೆಲ್‌ನ ಒಂದೊಂದು ಕುಚ್ಚಿನ ಒಳಗೆ. ನಂಬಿಕೆ ಬರ್ಲಿ ಅಂತ ಒಂದು ಹರಿದ ಟವೆಲ್‌ನ ಮೂಲೆ ಕತ್ತರಿಸಿ ಅಡುಗೆಮನೆ ಬರ್ನರ್ ಮೇಲೆ ಇಕ್ಕಳದಲ್ಲಿ ಹಿಡಿದು ಸುಟ್ಟೆ. ಬರೀ ಹತ್ತಿ ಸುಟ್ರೆ ಊದಿದ್ರೆ ಹಾರಿಹೋಗೋಷ್ಟು ಬೂದಿ ಉಳಿಯುತ್ತೆ ಅಷ್ಟೇ. ಇಲ್ಲಿ ನೇಯ್ಗೆ ಆಕಾರ ಹಂಗೇ ಉಳ್ಕೊಂಡು ಬಿಳೀ ಗೂಡು ತರ ನಿಂತಿತ್ತು, ಬೆರಳಲ್ಲಿ ತಿಕ್ಕಿದ್ರೆ ಮರಳು ಮರಳು. ಇನ್ನೊಂದು ತುಂಡಿನ ಮೇಲೆ ಅಡುಗೆಯವರ ಹತ್ರ ನಿಂಬೆಹುಳಿ, ಅಂದ್ರೆ ಸಿಟ್ರಿಕ್ ಆಸಿಡ್ ಪುಡಿ, ಇಸ್ಕೊಂಡು ಬಿಸಿನೀರಲ್ಲಿ ಕರಗಿಸಿ ಹುಯ್ದ್ವಿ, ಸಣ್ಣ ಸಣ್ಣ ಗುಳ್ಳೆ ಎದ್ದವು. ಸೋಡಾ ಬಾಟ್ಲಿ ತೆಗೆದಷ್ಟು ಅಲ್ಲ, ಆದ್ರೆ ಕಾಣೋಷ್ಟು. ಸಾಹುಕಾರ್ರು ಕನ್ನಡಕ ಮೇಲೆತ್ತಿ ಬಗ್ಗಿ ನೋಡಿದ್ರು, ಏನೂ ಮಾತಾಡ್ಲಿಲ್ಲ.

ಆಮೇಲೆ ಹುಡುಗನಿಗೆ, ನೀನು ದಿನಾ ಮಾಡೋದನ್ನ ಮಾಡಿ ತೋರ್ಸು ಅಂದೆ. ಅವನು ಪೌಡರ್, ಸೋಡಾ, ಸಾಫ್ಟ್‌ನರ್ ಮೂರನ್ನೂ ಒಂದೇ ಬಕೆಟಲ್ಲಿ ಕಲಸಿ ಮೆಷಿನ್‌ಗೆ ಹುಯ್ದ! ಮೆಷಿನ್‌ನ ಸಾಫ್ಟ್‌ನರ್ ಹಾಕೋ ಗೂಡು ಕಟ್ಕೊಂಡು ಆರು ತಿಂಗಳಾಗಿತ್ತಂತೆ, ಕೊನೇ ನೀರಿಗೆ ಕಾಯ್ಕೊಂಡು ನಿಂತು ಹಾಕೋಕೆ ಯಾರಿಗೆ ಪುರುಸೊತ್ತು. ಅವನ ತಪ್ಪಲ್ಲ ಅದು, ಹೇಳ್ಕೊಟ್ಟಿರ್ಲಿಲ್ಲ. ಎರಡು ಗ್ಲಾಸ್ ತರ್ಸಿದೆ. ಒಂದ್ರಲ್ಲಿ ಸಾಫ್ಟ್‌ನರ್ ಕಲಸಿದ ನೀರು, ಇನ್ನೊಂದ್ರಲ್ಲಿ ಡಿಟರ್ಜೆಂಟ್ ನೀರು. ಒಂದಕ್ಕೊಂದು ಹುಯ್ದಾಗ ಕಾಯ್ತಿರೋ ಹಾಲಿಗೆ ನಿಂಬೆಹಣ್ಣು ಹಿಂಡಿದಂಗೆ ಒಡೆದು ಚಕ್ಕೆ ಚಕ್ಕೆ ಆಯ್ತು. ಡಿಟರ್ಜೆಂಟ್‌ದು ಮೈನಸ್, ಸಾಫ್ಟ್‌ನರ್‌ದು ಪ್ಲಸ್, ಇಬ್ರೂ ತಬ್ಕೊಂಡು ಜಿಡ್ಡು ಉಂಡೆ ಆಗಿಬಿಡ್ತಾರೆ, ಕೊಳೆನೂ ತೆಗೆಯಲ್ಲ, ಬಟ್ಟೆನೂ ಮೆತ್ತಗೆ ಮಾಡಲ್ಲ, ಸುಮ್ನೆ ಬಟ್ಟೆಗೆ ಮೆತ್ಕೋತಾರೆ.

ಅಂದ್ರೆ ಟವೆಲ್ ಮೇಲೆ ಇದ್ದಿದ್ದು ಕೆಳಗೆ ಸುಣ್ಣ, ಮೇಲೆ ಜಿಡ್ಡು, ಅದ್ರ ಮೇಲೆ ಮತ್ತೆ ಸುಣ್ಣ, ಹಿಂಗೆ ತಿಂಗಳುಗಟ್ಟಲೆ. ಸುಣ್ಣದಿಂದ ಗಟ್ಟಿ ಆಯ್ತು ಅಂತ ಸಾಫ್ಟ್‌ನರ್ ಜಾಸ್ತಿ ಮಾಡಿದ್ರು, ಜಾಸ್ತಿ ಆಗಿದ್ದು ಡಿಟರ್ಜೆಂಟ್ ಜೊತೆ ಒಡೆದು ಮೆತ್ಕೊಂತು, ಟವೆಲ್ ಮಂಕಾಯ್ತು ಅಂತ ಸೋಡಾ ಜಾಸ್ತಿ ಮಾಡಿದ್ರು, ಸೋಡಾದಿಂದ ಮತ್ತೆ ಸುಣ್ಣ. ಪಾಪ ಎಲ್ರೂ ಅವರವರ ಮಟ್ಟಿಗೆ ಸರಿಯಾದ ಕೆಲ್ಸನೇ ಮಾಡಿದಾರೆ.

ಎರಡು ತುಂಡು ಪೀಣ್ಯಕ್ಕೆ ತಂದು ಬ್ರೋಮೋಫಿನಾಲ್ ಬ್ಲೂ ಅನ್ನೋ ಬಣ್ಣದ ದ್ರಾವಣದಲ್ಲಿ ಅದ್ದಿ ತೊಳೆದು ನೋಡಿದೆ, ಪ್ಲಸ್ ಚಾರ್ಜಿನ ಸಾಫ್ಟ್‌ನರ್ ಎಲ್ಲೆಲ್ಲಿ ಕೂತಿದೆಯೋ ಅಲ್ಲೆಲ್ಲ ನೀಲಿ ಹಿಡಿಯುತ್ತೆ. ಸರಿಯಾಗಿ ಹಾಕಿದ ಬಟ್ಟೆ ಒಂದೇ ಸಮ ತಿಳಿನೀಲಿ ಬರ್ಬೇಕು. ಇದು ಭೂಪಟ ಬಂದಿತ್ತು, ಒಂದು ಕಡೆ ಶಾಯಿ ಚೆಲ್ಲಿದಂಗೆ, ಪಕ್ಕದಲ್ಲೇ ಬೋಳು.

ಹಳೇ ಕ್ಯಾನು, ನಮ್ಮ ಕ್ಯಾನು

ಲಾಂಡ್ರಿ ಮೂಲೆಲಿ ನಮಗಿಂತ ಮುಂಚಿನವರ ಕ್ಯಾನ್ ಒಂದು ಅರ್ಧ ಉಳಿದಿತ್ತು. ಅಕ್ಕ ಅದನ್ನ ತೋರ್ಸಿ, "ಇದು ಗಟ್ಟಿ ಮಾಲು ಅಣ್ಣ, ನಿಮ್ದು ನೀರು" ಅಂದ್ರು. ನಿಜ, ಅದು ಮೊಸರು ಕೆನೆ ತರ ಇತ್ತು. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ, ಅದಕ್ಕೆ ಮಾಡೋ ರೀತಿನ ಸ್ವಲ್ಪ ಬಿಡಿಸಿ ಹೇಳ್ತೀನಿ.

ಟೆಕ್ಸ್‌ಟೈಲ್ ಪ್ರೊಸೆಸಿಂಗ್‌ನವರು ಬಳಸೋ ಕ್ಯಾಟಯಾನಿಕ್, ಅಂದ್ರೆ ಪ್ಲಸ್ ಚಾರ್ಜಿನ ಫ್ಲೇಕ್ಸ್ ಅಂತ ಬರುತ್ತೆ, ಮೇಣದ ಚಕ್ಕೆ ತರ. ಸ್ಟಿಯರಿಕ್ ಅನ್ನೋ ಕೊಬ್ಬಿನ ಆಸಿಡ್ಡನ್ನ ನೈಟ್ರೋಜನ್ ಇರೋ ಒಂದು ಅಮೀನ್ ಜೊತೆ ಜೋರು ಶಾಖದಲ್ಲಿ ಬೇಯ್ಸಿ ಮಾಡೋದು. ಬಿಸಿನೀರಿಗೆ ಒಂದು ಹಿಡಿ ಹಾಕಿ ಸ್ವಲ್ಪ ಅಸಿಟಿಕ್ ಆಸಿಡ್ ಬಿಟ್ಟು ತಿರುಗಿಸಿದ್ರೆ ಆರಿದ್ಮೇಲೆ ದಪ್ಪ ಪೇಸ್ಟ್. ನೋಡೋಕೆ ಗಟ್ಟಿ ಕಾಣುತ್ತೆ ಆದ್ರೆ ಅಸಲಿ ಮಾಲು ಐದಾರು ಪರ್ಸೆಂಟೇ ಇರ್ಬಹುದು. ಕೆಟ್ಟದ್ದೇನಲ್ಲ, ಮಿಲ್ಲಲ್ಲಿ ಅದಕ್ಕೆ ಅದರದ್ದೇ ಜಾಗ ಇದೆ, ಆದ್ರೆ ಇಂಥವು ಬಿಳೀ ಬಟ್ಟೆಗೆ ಹಳದಿ ಛಾಯೆ ತರ್ತವೆ, ಲಾಡ್ಜಲ್ಲಿ ಇರೋದೆಲ್ಲ ಬಿಳೀ ಬಟ್ಟೆನೇ.

ಮನೆ ಬಟ್ಟೆ ಸಾಫ್ಟ್‌ನರ್‌ಗಳು, ಅಂದ್ರೆ ಯಾವ ಕಂಪನಿದಾದ್ರೂ ನಾವು ಕಂಫರ್ಟ್ ಅಂತಲೇ ಕರೆಯೋ ಆ ಜಾತಿ, ಇವತ್ತು ಹೆಚ್ಚಾಗಿ ಎಸ್ಟರ್‌ಕ್ವಾಟ್ ಅನ್ನೋದ್ರ ಮೇಲೆ ನಡೆಯುತ್ತೆ. ಇದನ್ನ ದೊಡ್ಡ ಕೆಮಿಕಲ್ ಫ್ಯಾಕ್ಟರಿಗಳಲ್ಲೇ ಮಾಡ್ಬೇಕು. ಕೊಬ್ಬಿನ ಆಸಿಡ್ಡು, ಟ್ರೈಎಥನಾಲಮೀನು ಎರಡನ್ನೂ 160ರಿಂದ 200 ಡಿಗ್ರಿಲಿ ಬೇಯಿಸಿ ನೀರು ಆವಿ ಮಾಡಿ ತೆಗೀತಾರೆ, ಅಲ್ಲಿಗೆ ಜಡೆ ಹೆಣೆದಂಗಾಯ್ತು. ಆಮೇಲೆ ಬಿಸಿ ಇಳಿಸಿ ಡೈಮೀಥೈಲ್ ಸಲ್ಫೇಟ್ ಬಿಟ್ಟು ತಲೆಗೆ ಪ್ಲಸ್ ಚಾರ್ಜ್ ಕೊಡ್ತಾರೆ. ಈ ಡೈಮೀಥೈಲ್ ಸಲ್ಫೇಟ್ ಹುಡುಗಾಟದ ಐಟಂ ಅಲ್ಲ, ಕಡು ವಿಷ, ಕ್ಯಾನ್ಸರ್ ತರಬಹುದು ಅನ್ನೋ ಪಟ್ಟಿಲೂ ಇದೆ, ನಮ್ಮಂಥ ಶೆಡ್ಡಿನವರು ಅದರ ಹತ್ರನೂ ಹೋಗ್ಬಾರ್ದು. ಎಲ್ಲ ಅಣುಗೂ ಸರಿಯಾಗಿ ಎರಡೇ ಜಡೆ ಬರಲ್ಲ, ಕೆಲವಕ್ಕೆ ಒಂದು, ಕೆಲವಕ್ಕೆ ಮೂರು, ಎರಡಿರೋದು ಎಷ್ಟು ಜಾಸ್ತಿ ಅಷ್ಟು ಒಳ್ಳೆ ಮಾಲು. ನಮಗೆ ಬರೋದು 90 ಪರ್ಸೆಂಟಿನ ಪೇಸ್ಟು, ಉಳಿದಿದ್ದು ಐಸೋಪ್ರೊಪೈಲ್ ಆಲ್ಕೋಹಾಲ್. ನೋಡೋಕೆ ಚಳಿಗಾಲದ ತುಪ್ಪ.

ಸಾಹುಕಾರ್ರು ಇಲ್ಲಿ ನಿಲ್ಸಿ ಕೇಳಿದ್ರು, "ಕೊಬ್ಬು ಕೊಬ್ಬು ಅಂತೀಯಲ್ಲಪ್ಪಾ, ಯಾವುದರ ಕೊಬ್ಬು?" ನ್ಯಾಯವಾದ ಪ್ರಶ್ನೆ. ಹಿಂದೆ ಅಮೆರಿಕ ಯುರೋಪಲ್ಲಿ ಇದೆಲ್ಲ ದನದ ಕೊಬ್ಬಿಂದಲೇ ಆಗ್ತಿತ್ತು, ಆಗಿನ ಸಾಫ್ಟ್‌ನರ್ ಕೆಮಿಕಲ್ ಹೆಸರಲ್ಲೇ ಟ್ಯಾಲೋ, ಅಂದ್ರೆ ದನದ ಕೊಬ್ಬು ಅಂತ ಇತ್ತು. ಅದಕ್ಕೂ ಹಿಂದೆ, ಇಪ್ಪತ್ತನೇ ಶತಮಾನದ ಶುರುವಿನಲ್ಲಿ, ಏಳು ಪಾಲು ನೀರು, ಮೂರು ಪಾಲು ಸೋಪು, ಒಂದು ಪಾಲು ಎಣ್ಣೆನೋ ಕೊಬ್ಬೋ ಕಲಸಿ ಹತ್ತಿಗೆ ಹಚ್ಚೋದು ನಡೀತಿತ್ತು. ನಾವು ತರಿಸೋದು ಪಾಮ್ ಎಣ್ಣೆಯಿಂದ ಮಾಡಿದ್ದು, ಸಪ್ಲೈಯರ್ ಕಾಗದ ಇದೆ, ತೋರಿಸ್ದೆ. ಇಂಥ ಕಾಗದ ಲಾಡ್ಜಿನವರಿಗಿಂತ ದೇವಸ್ಥಾನದ ಊರಿನ ವಸತಿಗೃಹದವರು ಜಾಸ್ತಿ ಕೇಳ್ತಾರೆ.

ಆ ಹಳೇ ಟ್ಯಾಲೋ ಕೆಮಿಕಲ್ ಮೆತ್ತಗೆ ಮಾಡೋದ್ರಲ್ಲಿ ಎತ್ತಿದ ಕೈ, ಆದ್ರೆ ಚರಂಡಿಗೆ ಹೋದ್ಮೇಲೆ ಬೇಗ ಕೊಳೀತಿರ್ಲಿಲ್ಲ. ಅದಕ್ಕೆ 1990ರ ದಶಕದಲ್ಲಿ ಯುರೋಪಿನವರು ಅದನ್ನ ಬಿಟ್ಟು ಎಸ್ಟರ್‌ಕ್ವಾಟ್‌ಗೆ ಬಂದ್ರು. ಎಸ್ಟರ್ ಅಂದ್ರೆ ತಲೆಗೂ ಜಡೆಗೂ ನಡುವೆ ಬೇಕಂತಲೇ ಇಟ್ಟ ಕಚ್ಚಾ ಹೊಲಿಗೆ, ಚರಂಡಿಲಿ ಬ್ಯಾಕ್ಟೀರಿಯಾ ಅದನ್ನ ಕಿತ್ತು ತಿಂದುಬಿಡುತ್ತೆ. ಅದರ ಇನ್ನೊಂದು ಮುಖ ಏನಂದ್ರೆ ಆ ಹೊಲಿಗೆ ಕ್ಯಾನಲ್ಲೇ ಬಿಚ್ಚಿಹೋಗ್ಬಾರ್ದು, ಅದಕ್ಕೆ ಸಾಫ್ಟ್‌ನರ್ ಯಾವಾಗ್ಲೂ ಹುಳಿ ಹುಳಿಯಾಗಿ ಪಿಎಚ್ ಎರಡೂವರೆಯಿಂದ ಮೂರೂವರೆ ನಡುವೆ ಇಡ್ತೀವಿ. ವಾಷಿಂಗ್ ಸೋಡಾ ಪೂರ್ತಿ ಇದರ ಉಲ್ಟಾ. ಹುಡುಗ ಬಕೆಟಲ್ಲಿ ಕಲಸ್ತಿದ್ದಿದ್ದು ಎಂಥಾ ಅನಾಹುತ ಅಂತ ಈಗ ಗೊತ್ತಾಗ್ತಿದೆಯಲ್ಲ.

ನಮ್ಮ ಬ್ಯಾಚು 200 ಕೆಜಿದು. ಡಿಎಂ ವಾಟರ್, ಅಂದ್ರೆ ಲವಣ ತೆಗೆದ ನೀರನ್ನ 60 ಡಿಗ್ರಿಗೆ ಕಾಯ್ಸಿ ಸ್ವಲ್ಪ ಸಿಟ್ರಿಕ್ ಹಾಕಿ ಪಿಎಚ್ ಇಳಿಸ್ಕೊಂಡು, ಬೇರೆ ಕಡೆ ಕರಗಿಸಿದ 11 ಕೆಜಿ ಪೇಸ್ಟನ್ನ ಸಣ್ಣ ಧಾರೆಯಲ್ಲಿ ಬಿಡ್ತಾ ಸ್ಟರ್ರರ್ ತಿರುಗಿಸ್ತೀವಿ. ತಿಳಿನೀರು ನೋಡ್ತಾ ನೋಡ್ತಾ ಹಾಲಾಗುತ್ತೆ. ಕರಗಿದ್ದಲ್ಲ ಅದು, ಅಣುಗಳೆಲ್ಲ ಜಡೆಗೆ ಜಡೆ ಜೋಡಿಸ್ಕೊಂಡು ಈರುಳ್ಳಿ ತರ ಪದರ ಪದರ ಗುಳ್ಳೆ ಕಟ್ಟಿ ತೇಲೋದು. ಈ ಗುಳ್ಳೆಗಳ ಹೊಟ್ಟೆಲಿ ನೀರು ಎಷ್ಟು ತುಂಬಿದೆ ಅನ್ನೋದ್ರ ಮೇಲೆ ಸಾಫ್ಟ್‌ನರ್ ಗಟ್ಟಿನೋ ತೆಳ್ಳಗೋ ಅನ್ನೋದು ನಿಂತಿದೆ. ಒಂದು ಚಿಟಿಕೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದ್ರೆ ಉಪ್ಪು ಹಚ್ಚಿದ ಸೌತೆಕಾಯಿ ನೀರು ಬಿಟ್ಟಂಗೆ ಗುಳ್ಳೆ ಒಳಗಿನ ನೀರು ಹೊರಗೆ ಬಂದು ಅವು ಸಣ್ಣಗಾಗ್ತವೆ, ಮಾಲು ತೆಳ್ಳಗಾಗುತ್ತೆ. ಗಟ್ಟಿ ಬೇಕು ಅಂದ್ರೆ ದಪ್ಪ ಮಾಡೋ ಪಾಲಿಮರ್ ಒಂಚೂರು. ಎರಡೂ ಕಡೆ ಅಸಲಿ ಮಾಲು ಅಷ್ಟೇ 5 ಪರ್ಸೆಂಟ್! ಕೆನೆ ನೋಡಿ ದುಡ್ಡು ಕೊಡೋದಂದ್ರೆ ಮೈದಾ ಹಾಕಿದ ಸಾಗು ನೋಡಿ ತರಕಾರಿ ಜಾಸ್ತಿ ಇದೆ ಅಂದ್ಕೊಂಡಂಗೆ. ಪರ್ಫ್ಯೂಮ್ ಹಾಕೋದು ಆರಿ ಉಗುರು ಬೆಚ್ಚಗಾದ್ಮೇಲೆ, ಬಿಸಿ ಇರೋವಾಗ್ಲೇ ಹಾಕಿದ್ರೆ ಅರ್ಧ ವಾಸನೆ ಶೆಡ್ಡಿಗೇ. ನಾವು ಒಂದ್ಸಲ ಆತುರಕ್ಕೆ ಹಂಗೆ ಮಾಡಿ ಅಕ್ಕಪಕ್ಕದ ಲೇತ್ ಅಂಗಡಿಯವರೆಲ್ಲ ಬಂದು ಏನ್ ಮದುವೆನಾ ಅಂತ ಕೇಳಿದ್ರು.

ಸರಿ ಮಾಡಿದ್ದು ಹೆಂಗೆ

ನೀರು ಸರಿ ಮಾಡ್ದೆ ಏನೂ ಆಗಲ್ಲ, ವಾಟರ್ ಸಾಫ್ಟ್‌ನರ್ ಹಾಕ್ಸಿ ಅಂದೆ. ಸಾಹುಕಾರ್ರಿಗೆ ಸಿಟ್ಟು ಬಂತು. "ಅದೂ ಸಾಫ್ಟ್‌ನರ್, ಇದೂ ಸಾಫ್ಟ್‌ನರ್, ಯಾವ ಸಾಫ್ಟ್‌ನರ್‌ಗೆ ದುಡ್ಡು ಕೊಡ್ಲಿ ನಾನು?" ಎರಡಕ್ಕೂ ಸಂಬಂಧನೇ ಇಲ್ಲ ಅಂತ ಹೇಳೋಕೆ ಹತ್ತು ನಿಮಿಷ ಬೇಕಾಯ್ತು. ಒಂದು ರೆಸಿನ್ ಅನ್ನೋ ಪ್ಲಾಸ್ಟಿಕ್ ಮಣಿ ತುಂಬಿದ ಸಿಲಿಂಡರ್, ನೀರಿನ ಕ್ಯಾಲ್ಸಿಯಂ ಹಿಡ್ಕೊಂಡು ಸೋಡಿಯಂ ಬಿಡುತ್ತೆ, ಆಗಾಗ ಉಪ್ಪುನೀರು ಕುಡಿಸಿ ಮತ್ತೆ ತಯಾರು ಮಾಡ್ಬೇಕು. ಇನ್ನೊಂದು ಬಟ್ಟೆಗೆ ಹಚ್ಚೋ ಕೊಬ್ಬು. ಬಾಯಲ್ಲಿ ಹೇಳಿದ್ದು ತಲೆಗೆ ಹೋಗ್ಲಿಲ್ಲ ಅಂತ ಮ್ಯಾನೇಜರ್ ಮನೆಯ ನಗರಸಭೆ ನಲ್ಲಿ ನೀರು ಎರಡು ಕ್ಯಾನ್ ತರ್ಸಿದ್ವಿ, 140 ಪಿಪಿಎಂ ಇತ್ತು. ಒಂದು ಹೊಸ ಟವೆಲ್ ಎರಡು ಭಾಗ ಮಾಡಿ ಎರಡು ಬಕೆಟಲ್ಲಿ, ಅದೇ ಪೌಡರು ಅದೇ ಸೋಡಾ, ಒಂದಕ್ಕೆ ಬೋರ್ ನೀರು ಒಂದಕ್ಕೆ ನಲ್ಲಿ ನೀರು, ಸಾಫ್ಟ್‌ನರ್ ಇಲ್ದೆ ಹತ್ತು ಸಲ ಒಗೆದು ಒಣಗಿಸಿ ಅಂತ ಅಕ್ಕನಿಗೆ ಒಪ್ಪಿಸಿ ಬಂದೆ. ನಾಲ್ಕು ದಿನಕ್ಕೆ ಸಾಹುಕಾರ್ರ ಫೋನು, "ಆ ಪ್ಲಾಂಟಿಗೆ ಎಷ್ಟಾಗುತ್ತೆ ಕೇಳಪ್ಪಾ."

ಪ್ಲಾಂಟ್ ಬಂದ್ಮೇಲೆ ಹಳೇ ಟವೆಲ್ ಬಿಡಿಸೋ ಕೆಲ್ಸ. ಇಲ್ಲಿ ಕ್ರಮ ಮುಖ್ಯ, ಮೇಲೆ ಜಿಡ್ಡಿರೋವಾಗ ಹುಳಿ ಹಾಕಿದ್ರೆ ಒಳಗಿನ ಸುಣ್ಣಕ್ಕೆ ಮುಟ್ಟಲ್ಲ. ಮೊದ್ಲು 60 ಡಿಗ್ರಿ ಮೆದು ನೀರಲ್ಲಿ ಡಿಟರ್ಜೆಂಟ್ ಹಾಕಿ ಒಂದು ಒಗೆತ, ತೊಳೆದು, ಆಮೇಲೆ ಲೀಟರಿಗೆ ಸುಮಾರು 10 ಗ್ರಾಂ ಸಿಟ್ರಿಕ್ ಆಸಿಡ್ಡಿನ ನೀರಲ್ಲಿ ಇನ್ನೊಂದು ಸುತ್ತು, ಮತ್ತೆ ತೊಳೆತ. ಮೊದಲ ಸುತ್ತಿನ ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ಬಂತು. ಪೂರ್ತಿ ಬಿಡೋಕೆ ಮೂರು ಸುತ್ತು ಬೇಕಾಯ್ತು. ಅಲ್ಲಿ ಬ್ಲೀಚಿಂಗ್ ಪೌಡರ್ ಡಬ್ಬ ಇತ್ತು, ಅದನ್ನ ಈ ಕೆಲ್ಸ ಮುಗಿಯೋವರೆಗೂ ರೂಮಿಂದಲೇ ಹೊರಗಿಡಿಸಿದೆ, ಹುಳಿ ಜೊತೆ ಅದು ಸೇರಿದ್ರೆ ಕ್ಲೋರಿನ್ ಗಾಳಿ ಬರುತ್ತೆ, ಮುಚ್ಚಿದ ರೂಮಲ್ಲಿ ಪ್ರಾಣಕ್ಕೇ ಸಂಚಕಾರ.

ಆಮೇಲಿನ ರೂಲ್ಸು ಗೋಡೆ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿದ್ವಿ. ವಾಷಿಂಗ್ ಸೋಡಾ ಬಂದ್, ಮೆದು ನೀರಿಗೆ ಪೌಡರೇ ಅರ್ಧ ಸಾಕು. ಸಾಫ್ಟ್‌ನರ್ ಕೊನೇ ನೀರಲ್ಲಿ ಮಾತ್ರ, ಗೂಡು ರಿಪೇರಿ ಆಗಿದೆ, ಅದಕ್ಕೇ ಹಾಕಿ. ಬೆಡ್‌ಶೀಟ್ ಒಂದು ಲೋಡಿಗೆ ಅರ್ಧ ಲೀಟರ್, ಟವೆಲ್‌ಗೆ ಮೂರು ಒಗೆತಕ್ಕೊಂದ್ಸಲ ಕಾಲು ಲೀಟರ್. ಮಗ್ಗಿನ ಮೇಲೆ ನೇಲ್‌ಪಾಲಿಶಲ್ಲಿ ಎರಡು ಗೆರೆ ಹಾಕಿದ್ದು ಅಕ್ಕನ ಮಗಳು, ಕೆಂಪು ಗೆರೆ ಬೆಡ್‌ಶೀಟಿಗೆ, ಗುಲಾಬಿ ಟವೆಲ್‌ಗೆ. ಟವೆಲ್‌ನ ತಂತಿ ಮೇಲೆ ಹಾಕೋ ಮುಂಚೆ ಎರಡು ಸಲ ಜಾಡಿಸೋದು, ತೆಗೆಯೋವಾಗ ಎರಡು ಸಲ. ಡ್ರೈಯರ್ ಇಲ್ದಿರೋ ಕಡೆ ಇದಕ್ಕಿಂತ ಅಗ್ಗದ ಸಾಫ್ಟ್‌ನರ್ ಇಲ್ಲ, ಆ ನೀರಿನ ಗೋಂದು ಕಟ್ಟೋವಾಗ್ಲೇ ಒಡೆದುಬಿಡುತ್ತೆ.

ಒಂದೂವರೆ ತಿಂಗಳು ಬಿಟ್ಟು ಹೋಗಿ ಹನಿ ಬಿಟ್ಟೆ. ಮೂರು ಸೆಕೆಂಡು, ಕೆಲವು ಟವೆಲ್ ಅಷ್ಟೂ ತಗೊಳ್ಲಿಲ್ಲ. ಬಹಳ ಹಳೇವು 10-12 ಸೆಕೆಂಡ್ ತಗೊಂಡ್ವು, ಅವುಗಳ ಹಳದಿನೂ ಹೋಗಿರ್ಲಿಲ್ಲ, ನೆಲ ಒರೆಸೋಕೆ ಕಳಿಸಿದ್ರು. ಹೊಸದರಷ್ಟು ಮೆತ್ತಗಿದೆಯಾ ಅಂದ್ರೆ ಇಲ್ಲ, ಟೆರೇಸಲ್ಲಿ ಒಣಗಿದ ಟವೆಲ್ ಟೆರೇಸಲ್ಲಿ ಒಣಗಿದ ಹಂಗೇ ಇರುತ್ತೆ.

ಈಗ ಹೊಸ ಕಂಪ್ಲೇಂಟ್ ಅಂದ್ರೆ ವಾಸನೆ ಕಮ್ಮಿ ಆಯ್ತು ಅನ್ನೋದು, ಎರಡು ಮಗ್ಗಿನ ಘಮಕ್ಕೆ ಎಲ್ರಿಗೂ ಮೂಗು ಒಗ್ಗಿಹೋಗಿತ್ತು. ಆಮೇಲೆ ತಿಂಗಳ ಸೇಲ್ಸ್ ಶೀಟ್ ನೋಡ್ತಾ ನಮ್ಮ ಓನರ್ ಕರೆದ್ರು. ಆ ಲಾಡ್ಜು ತಿಂಗಳಿಗೆ ಮೂರು ಕ್ಯಾನ್ ತಗೊಳ್ತಿದ್ದಿದ್ದು ಈಗ ಅರ್ಧ ಕ್ಯಾನ್‌ಗೆ ಬಂದು ನಿಂತಿದೆ. "ಮಾರಾಯಾ, ನಿನಗೆ ಸಂಬಳ ಕೊಡ್ತಿರೋದು ನಾನಾ, ಆ ಸಾಹುಕಾರಾ?" ಅಂದ್ರು. ಪಕ್ಕದಲ್ಲಿ ಆವತ್ತಿನ ಬ್ಯಾಚು ಇನ್ನೂ ಆರ್ತಾ ಇತ್ತು, ಪರ್ಫ್ಯೂಮ್ ಹಾಕೋ ಟೈಮ್ ಆಯ್ತು ಅಂತ ಹೇಳಿ ಎದ್ದುಬಂದೆ.